ಮೊಮ್ಮಗಳ ಪಾಠದ ದಿನ ಕೈಕೊಟ್ಟ ಬ್ರೌಸರ್

ಕೊನೆಗೆ ಏನಾಯಿತೆಂದು ಮೊದಲೇ ಹೇಳಿಬಿಡಬೇಡ, ಓದುವವರಿಗೆ ರುಚಿ ಇರುವುದಿಲ್ಲ ಎಂದು ನಮ್ಮವರು ಬೆಳಗಿನಿಂದ ಎಚ್ಚರಿಸುತ್ತಿದ್ದಾರೆ. ಸಂತೋಷದ ಸಂಗತಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನಗೆ ಬಹಳ ಕಷ್ಟ. ಹಾಲು ಉಕ್ಕುವಾಗ ಒಲೆಯ ಪಕ್ಕ ನಿಂತವಳ ಹಾಗೆ ಆಗುತ್ತದೆ. ಆದರೂ ಪ್ರಯತ್ನ ಮಾಡುತ್ತೇನೆ.

ನಾನು ಓದಿದ್ದು ಕುಂದಾಪುರದ ಕಡೆಯ ಒಂದು ಶಾಲೆಯಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ಮದುವೆಯಾಗಿ ಮುಂಬಯಿಗೆ ಬಂದೆ. ನಮ್ಮವರು ಗ್ರಾಂಟ್ ರೋಡಿನ ಒಂದು ಹೋಟೆಲಿನ ಗಲ್ಲಾದ ಮೇಲೆ ಕೂತು ಆಯುಷ್ಯ ಕಳೆದವರು. ಈಗ ನಾವಿಬ್ಬರೂ ಮುಲುಂಡಿನಲ್ಲಿ ಮಗನ ಮನೆಯಲ್ಲಿದ್ದೇವೆ. ಮಗ ಸೊಸೆ ಬೆಳಗಿನ ಲೋಕಲ್ ಹಿಡಿದು ಹೋದ ಮೇಲೆ ಮನೆಯಲ್ಲಿ ಉಳಿಯುವುದು ನಾನು, ನಮ್ಮವರು ಮತ್ತು ಮೊಮ್ಮಗಳು.

ಈ ಮೊಮ್ಮಗಳ ಬಗ್ಗೆ ಹೇಳಲು ಹೊರಟರೆ ನನಗೆ ನಿಲ್ಲಿಸಲು ಬರುವುದಿಲ್ಲ. ಬಿ.ಎಡ್. ಮುಗಿಸಿದವಳು. ಟೀಚರ್ ಆಗಬೇಕೆಂಬುದು ಅವಳಿಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೀಚುತ್ತಿದ್ದ ಕಾಲದಿಂದಲೂ ಇರುವ ಆಸೆ. ನಮ್ಮ ಬಿಲ್ಡಿಂಗಿನ ಆಚೆ ಒಂದು ದೊಡ್ಡ ಟವರ್ ಏಳುತ್ತಿದೆ. ಅಲ್ಲಿ ಕೆಲಸ ಮಾಡುವವರಲ್ಲಿ ತುಂಬ ಜನ ಕಲಬುರಗಿ, ಯಾದಗಿರಿ ಕಡೆಯವರು. ಅವರ ಮಕ್ಕಳಿಗೆ ಇವಳು ಮತ್ತು ಇವಳ ಗೆಳತಿಯರು ಭಾನುವಾರ ಲೆಕ್ಕ ಹೇಳಿಕೊಡುತ್ತಾರೆ. ಅಪ್ಪ ಅಮ್ಮಂದಿರು ಬೇರೆ ಸೈಟಿಗೆ ಹೋದರೆ ಮಕ್ಕಳ ಪಾಠ ತಪ್ಪುತ್ತದೆ ಎಂದು ಅದೇ ಪಾಠಗಳನ್ನು ವಿಡಿಯೋ ಮಾಡಿ ಇಂಟರ್‌ನೆಟ್ಟಿನಲ್ಲಿ ಹಾಕುತ್ತಾಳೆ. ಪಾಠ ಹಿಂದಿಯಲ್ಲಿ, ನಡುನಡುವೆ ತಡವರಿಸುತ್ತ ಕನ್ನಡ. ಆ ಕನ್ನಡಕ್ಕೆ ಗುರು ನಾನು. ಅವಳ ಕನ್ನಡ ಕೇಳಿ ಯಾದಗಿರಿಯ ಮಕ್ಕಳು ನಗುತ್ತಾರಂತೆ. ನಗಲಿ, ನಕ್ಕ ಮಕ್ಕಳು ಓಡಿಹೋಗುವುದಿಲ್ಲ ಎನ್ನುತ್ತಾಳೆ ಅವಳು.

ಆ ಪಾಠಗಳನ್ನು ಆ ಮಕ್ಕಳು ಎಷ್ಟು ನೋಡುತ್ತಾರೋ ಗೊತ್ತಿಲ್ಲ, ನಾನಂತೂ ದಿನಾ ನೋಡುತ್ತೇನೆ. ಅದಕ್ಕೆಂದೇ ತನ್ನ ಕಾಲೇಜಿನ ಹಳೆಯ ಲ್ಯಾಪ್‌ಟಾಪನ್ನು ನನಗೆ ಕೊಟ್ಟಿದ್ದಾಳೆ. ಅದು ಮುದಿಯಾಗಿ ಒಂದು ಹೆಜ್ಜೆ ಇಡಲೂ ಏದುಸಿರು ಬಿಡುತ್ತಿತ್ತು. ಒಳಗಿದ್ದುದನ್ನೆಲ್ಲ ಒರೆಸಿ ಲಿನಕ್ಸ್ ಎಂಬುದನ್ನು ಹಾಕಿದಳು. ಹಳೆಯ ಯಂತ್ರಕ್ಕೆ ಅದು ಹಗುರವಂತೆ. ನಿಜಕ್ಕೂ ಆಮೇಲೆ ಆ ಯಂತ್ರ ಮತ್ತೆ ಎದ್ದು ನಡೆಯಿತು. ನನ್ನ ಫೋನ್ ಅಂಗೈ ಅಗಲದ್ದು, ನನ್ನ ಕಣ್ಣಿಗೆ ಪೊರೆ. ಲ್ಯಾಪ್‌ಟಾಪಿನಲ್ಲಿ ಅವಳ ಮುಖ ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತದೆ. ಮಧ್ಯಾಹ್ನದ ಪಾತ್ರೆ ತೊಳೆದು ಕೂತರೆ ಒಂದು ಭಿನ್ನರಾಶಿ, ಒಂದು ದಶಮಾಂಶ ನೋಡಿ ಮುಚ್ಚಳ ಹಾಕಿ ಮಲಗುತ್ತೇನೆ. ಮರುದಿನ ಮುಚ್ಚಳ ತೆರೆದರೆ ಬಿಟ್ಟಲ್ಲಿಂದಲೇ ಸಿಗುತ್ತದೆ.

ಇಷ್ಟೆಲ್ಲ ಪಾಠ ಮಾಡುವ ಹುಡುಗಿಗೆ ಶಾಲೆಯಲ್ಲಿ ಕೆಲಸ ಸಿಕ್ಕಿರಲಿಲ್ಲ. ಎರಡು ಕಡೆ ಹೋಗಿ ಬಂದಳು. ಹೇಳುತ್ತೇವೆ ಎಂದರು, ಹೇಳಲಿಲ್ಲ. ಮಗ ತನ್ನ ಗುರುತಿನವರ ಮೂಲಕ ಒಂದು ಕಾಲ್ ಸೆಂಟರಿನಲ್ಲಿ ಜಾಗ ನೋಡಿಟ್ಟ. ಅಷ್ಟರಲ್ಲಿ ಜೋಗೇಶ್ವರಿಯ ಒಂದು ಶಾಲೆಯಿಂದ ಕರೆ ಬಂತು. ಕಂಪ್ಯೂಟರಿನ ಮೂಲಕ ಒಂದು ಪಾಠ ಮಾಡಿ ತೋರಿಸಬೇಕು, ಬೋರ್ಡಿನ ಮೇಲೆ ಬರೆದಂತೆ ಪರದೆಯ ಮೇಲೆ ಬರೆಯಬೇಕು, ಫೋನ್ ನಡೆಯುವುದಿಲ್ಲ ಎಂದರು. ಮಧ್ಯಾಹ್ನ ಒಂದು ಗಂಟೆಗೆ. ಅವಳಿಗಿಂತ ಮುಂಚೆ ಇಬ್ಬರು, ಅವಳ ನಂತರ ಇಬ್ಬರು. ಸಮಯ ತಪ್ಪಿದರೆ ತಪ್ಪಿತು.

ಹಿಂದಿನ ದಿನ ನನ್ನ ಪಕ್ಕ ಅವರೆಕಾಯಿ ಬಿಡಿಸುತ್ತ ಕೂತವಳು ತಲೆ ಎತ್ತದೆ ಹೇಳಿದಳು.

“ಅಜ್ಜಿ, ಈ ಸಲ ನಹೀ ಹುವಾ ನಾ, ಮತ್ತೆ ನಾನು ಟ್ರೈ ಮಾಡುದಿಲ್ಲ. ಪಪ್ಪ ಹೇಳಿದ ಜಾಬ್‌ಗೆ ಹೋಗ್ತೇನೆ.”

ಸಿಪ್ಪೆಯ ರಾಶಿಗೆ ಕಾಳು, ಕಾಳಿನ ರಾಶಿಗೆ ಸಿಪ್ಪೆ ಹಾಕುತ್ತಿದ್ದಳು. ಅವಳು ಅಷ್ಟು ಅಂಜಿದ್ದನ್ನು ನಾನು ಹತ್ತನೇ ಕ್ಲಾಸಿನ ರಿಸಲ್ಟಿನ ದಿನವೂ ನೋಡಿರಲಿಲ್ಲ.

ಅವಳ ಸ್ವಂತ ಲ್ಯಾಪ್‌ಟಾಪ್ ಆ ವಾರವೇ ಪರದೆ ಕಪ್ಪಾಗಿ ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿ ಸೇರಿತ್ತು. ಅಂಗಡಿಯವನದು ನಾಳೆ, ನಾಳೆ. ಹಾಗಾಗಿ ಪಾಠ ನನ್ನ ಮುದಿ ಯಂತ್ರದ ಮೇಲೆಯೇ ಆಗಬೇಕು ಎಂದಾಯಿತು. ನನಗೆ ಒಳಗೊಳಗೇ ಎಷ್ಟು ಹೆಮ್ಮೆ! ಪಾಠದ ನಡುವೆ ಅದು ಅಪ್‌ಡೇಟ್ ಬೇಕು ಎಂದು ಹಟ ಹಿಡಿಯಬಾರದು ಎಂದು ಅವಳು ಮುನ್ನಾದಿನವೇ ಎಲ್ಲ ಅಪ್‌ಡೇಟ್ ಮಾಡಿಸಿದಳು. ಮುಗಿದ ಮೇಲೆ ಒಮ್ಮೆ ಪೂರ್ತಿ ಆರಿಸಿ ಹಚ್ಚಬೇಕು ಎಂದಿತು. ಆರಿಸಿ ಹಚ್ಚಿದಳು. ಎದ್ದಿತು. ಸರಿ ಎಂದು ಮುಚ್ಚಿಟ್ಟು ಪಾಠ ತಯಾರು ಮಾಡಲು ಹೋದಳು.

ಮರುದಿನ ಬೆಳಿಗ್ಗೆ ತಿಂಡಿ ಮುಗಿಸಿ ಬ್ರೌಸರ್ ತೆರೆದಳು. ಬ್ರೌಸರ್ ಎಂದರೆ ಇಂಟರ್‌ನೆಟ್ ನೋಡುವ ಕಿಟಕಿ. ಶಾಲೆಯವರು ಅವಳನ್ನು ನೋಡುವುದೂ ಅದರ ಮೂಲಕವೇ, ಬೇರೆ ಬ್ರೌಸರ್ ಈ ಮುದಿ ಯಂತ್ರಕ್ಕೆ ಭಾರವಂತೆ. ಕಿಟಕಿ ತೆರೆಯಿತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗಿತು. ಪರದೆಯ ಮೇಲಿನ ಬಾಣವೂ ಅಲ್ಲಾಡದೆ ನಿಂತಿತು. ಆಮೇಲೆ ಕಿಟಕಿಯೇ ಮಾಯ. ಇನ್ನೊಮ್ಮೆ ತೆರೆದಳು. ಇನ್ನೊಮ್ಮೆ ಮಾಯ.

“ಎಂತಾಯ್ತು?” ಎಂದು ನಮ್ಮವರು ಪೇಪರಿನ ಹಿಂದಿನಿಂದ ಕೇಳಿದರು.

ಅಪ್‌ಡೇಟ್ ಆದ ಮೇಲೆ ಬ್ರೌಸರ್ ಬೀಳುತ್ತಿದೆ ಎಂದು ಅವಳು ಹೇಳಿದಳು. ಅಷ್ಟು ಸಾಕಾಯಿತು. ಅವರು ಪೇಪರ್ ಮಡಚಿ, ಕನ್ನಡಕ ತೆಗೆದು, ಗಲ್ಲಾದ ಮೇಲೆ ಕೂತ ಧ್ವನಿಯಲ್ಲಿ ಶುರು ಮಾಡಿದರು.

“ನಮ್ಮ ಹೋಟೆಲಲ್ಲಿ ನಡೀತಾ ಇರುವ ಗ್ರೈಂಡರಿಗೆ ಯಾರೂ ಕೈ ಹಾಕ್ತಿರಲಿಲ್ಲ. ಸರಿ ಉಂಟಲ್ಲ, ಮತ್ತೆ ಎಂತಕ್ಕೆ ಅಪ್‌ಡೇಟ್?”

“ನಿಮ್ಮ ಗ್ರೈಂಡರ್ ಶಾಲೆಯವರ ಎದುರು ಪಾಠ ಮಾಡ್ಲಿಕ್ಕಿತ್ತಾ?” ಎಂದೆ ನಾನು.

ಅವರು ಮತ್ತೆ ಪೇಪರಿನ ಹಿಂದೆ ಹೋದರು. ಆದರೆ ಪುಟ ತಿರುಗಿಸಲಿಲ್ಲ. ನನಗೆ ಗೊತ್ತು, ಅವರು ಓದುತ್ತಿರಲಿಲ್ಲ.

ಮೊಮ್ಮಗಳು ಮೊದಲು ಯಂತ್ರವನ್ನು ಇನ್ನೊಮ್ಮೆ ಆರಿಸಿ ಹಚ್ಚಿದಳು. ಅದೇ ಕತೆ. ಫೋನಿನಲ್ಲಿ ಹುಡುಕಿ, ಇಂಥದೇ ತೊಂದರೆ ಆದ ಬೇರೆಯವರು ಏನು ಮಾಡಿದರೆಂದು ಓದಿದಳು. ಲೋಕದಲ್ಲಿ ಎಷ್ಟು ಜನ ತಮ್ಮ ಕಷ್ಟವನ್ನೂ ಅದಕ್ಕೆ ಮಾಡಿದ ಮದ್ದನ್ನೂ ಮುಖ ಕಾಣದವರಿಗಾಗಿ ಬರೆದಿಡುತ್ತಾರೆ ಎಂದು ನನಗೆ ಆಶ್ಚರ್ಯವಾಯಿತು. ಬ್ರೌಸರಿಗೆ ಅಂಟಿಸಿಕೊಂಡ ಸಣ್ಣಪುಟ್ಟ ಸಲಕರಣೆಗಳಿರುತ್ತವಂತೆ, ಜಾಹೀರಾತು ತಡೆಯುವುದು, ಅಕ್ಷರ ದೊಡ್ಡದು ಮಾಡುವುದು ಇಂಥವು. ಅವು ಹೊಸ ಬ್ರೌಸರಿಗೆ ಹೊಂದದಿದ್ದರೂ ಹೀಗಾಗುತ್ತದೆ ಎಂದು ಅವನ್ನೆಲ್ಲ ದೂರ ಇಟ್ಟು ತೆರೆದಳು. ಬಿತ್ತು. ಚಿತ್ರ ಬೇಗ ಮೂಡಿಸುವ ಒಂದು ಏರ್ಪಾಡಿದೆ, ಹಳೆಯ ಯಂತ್ರಗಳಲ್ಲಿ ಅದು ಕೈಕೊಡುತ್ತದೆ ಎಂದು ಅದನ್ನೂ ನಿಲ್ಲಿಸಿ ನೋಡಿದಳು. ಬಿತ್ತು. ಕೊನೆಗೆ ಬ್ರೌಸರನ್ನೇ ಕಿತ್ತು ಹೊಸದಾಗಿ ಹಾಕಿದಳು. ಅದು ಇಳಿಯುವವರೆಗೆ ನಾವು ಮೂವರೂ ಪರದೆಯ ಮೇಲೆ ತೆವಳುವ ಹಸಿರು ಪಟ್ಟಿಯನ್ನು ನೋಡುತ್ತ ಕೂತೆವು. ಕುಕ್ಕರ್ ಕೂಗಿದ್ದೂ ನನಗೆ ಕೇಳಿಸಲಿಲ್ಲ. ಹೊಸ ಬ್ರೌಸರ್ ಬಂತು, ತೆರೆಯಿತು, ಗಿರಣಿ ಕೂಗಿತು, ಬಿತ್ತು.

ಗಡಿಯಾರ ನೋಡುವುದು ಬೇಡ ಎಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನಮ್ಮವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಬಿಲ್ಡಿಂಗಿನಲ್ಲಿ ಯಾರದಾದರೂ ಲ್ಯಾಪ್‌ಟಾಪ್ ಸಿಗುತ್ತದೆಯೇ ಎಂದು ಕೇಳಲು ಹೋದರು. ಹಗಲು ಹೊತ್ತು, ಲ್ಯಾಪ್‌ಟಾಪ್ ಇದ್ದವರೆಲ್ಲ ಅದನ್ನು ಬೆನ್ನಿಗೆ ಹಾಕಿಕೊಂಡು ಆಫೀಸಿಗೆ ಹೋಗಿರುತ್ತಾರೆ. ಮನೆಯಲ್ಲಿ ಇರುವವರು ನಮ್ಮಂಥವರೇ. ನಾಲ್ಕು ಮಾಳಿಗೆ ಇಳಿದು ಹತ್ತಿ ಬರಿಗೈಯಲ್ಲಿ ಬಂದು ಪಂಖದ ಕೆಳಗೆ ಕೂತರು. ಮೊಮ್ಮಗಳು ಅವರಿಗೆ ನೀರು ಕೊಟ್ಟಳು.

“ಶಾಲೆಗೆ ಫೋನ್ ಮಾಡಿ ಹೇಳುವನಾ, ಯಂತ್ರ ಕೆಟ್ಟಿದೆ ಅಂತ?” ಎಂದು ಕೇಳಿದೆ.

“ಅಜ್ಜಿ, ಎಲ್ರೂ ಅದೇ ಬಹಾನಾ ಹೇಳ್ತಾರೆ” ಎಂದಳು, ಬರೇ ನೆಪ ಎಂದುಕೊಂಡಾರು ಎಂಬಂತೆ.

ಆಮೇಲೆ ಅವಳು ಕಪ್ಪು ಕಿಟಕಿ ತೆರೆದಳು. ಲಿನಕ್ಸಿನಲ್ಲಿ ಅಂಥದೊಂದು ಇದೆ. ಚಿತ್ರವಿಲ್ಲ, ಬಣ್ಣವಿಲ್ಲ, ಬರೇ ಅಕ್ಷರ. ಅದರೊಳಗೆ ಬರೆದು ಆಜ್ಞೆ ಕೊಡಬೇಕು. ಅಲ್ಲಿಂದ ಬ್ರೌಸರನ್ನು ಕರೆದರೆ ಅದು ಬೀಳುವಾಗ ಏನು ಹೇಳಿ ಬೀಳುತ್ತದೆ ಎಂಬುದು ಕಾಣುತ್ತದಂತೆ. ಪಕ್ಕದಲ್ಲಿ ಇನ್ನೊಂದು ಕಿಟಕಿಯಲ್ಲಿ ಯಂತ್ರದ ಮೆಮರಿ ಎಷ್ಟು ತುಂಬಿದೆ ಎಂದು ತೋರಿಸುವ ಗೆರೆ ಇಟ್ಟಳು. ನಾನು ಆ ಗೆರೆ ನೋಡುವುದು, ಅವಳು ಅಕ್ಷರ ನೋಡುವುದು ಎಂದು ಕೆಲಸ ಹಂಚಿಕೊಂಡೆವು. ಬ್ರೌಸರ್ ತೆರೆಯಿತು. ನನ್ನ ಗೆರೆ ಮೇಲೆ ಹತ್ತತೊಡಗಿತು. ಹತ್ತಿ ಹತ್ತಿ ತುದಿ ಮುಟ್ಟಿತು. ಅದೇ ಕ್ಷಣಕ್ಕೆ ಕಿಟಕಿ ಬಿತ್ತು. ಗೆರೆಯೂ ಧಡಕ್ಕನೆ ಕೆಳಗೆ ಬಂತು.

ಅವಳ ಕಪ್ಪು ಕಿಟಕಿಯಲ್ಲಿ ಕೊನೆಗೆ ಒಂದೇ ಮಾತು ಇತ್ತಂತೆ, ಕೊಂದೆ ಎಂಬ ಅರ್ಥದ್ದು. ನಾನು ರಾಮ ರಾಮ ಎಂದೆ. ಅವಳು ಮಾತ್ರ ಕುರ್ಚಿಯಲ್ಲಿ ನೆಟ್ಟಗಾದಳು. ಬ್ರೌಸರ್ ತಾನಾಗಿ ಬೀಳುತ್ತಿಲ್ಲ. ಅದು ಮೆಮರಿಯನ್ನೆಲ್ಲ ತಿಂದುಬಿಡುತ್ತಿದೆ, ಉಸಿರು ಕಟ್ಟಿದ ಲಿನಕ್ಸ್ ತಾನು ಉಳಿಯಲು ಅತಿ ಹೆಚ್ಚು ತಿನ್ನುವವನನ್ನು ಹೊರಗೆ ಹಾಕುತ್ತಿದೆ ಎಂದು ನನಗೆ ಬಿಡಿಸಿ ಹೇಳಿದಳು. ಹಾಗಾದರೆ ಅದು ತಿನ್ನುತ್ತಿರುವುದು ಏನನ್ನು? ಬರೇ ಒಂದು ಕಿಟಕಿ ತೆರೆಯಲು ಇಷ್ಟು ಬೇಡ.

ಆಮೇಲೆ ಮನೆಯ ಇಂಟರ್‌ನೆಟ್ ಡಬ್ಬಿಯ ತಂತಿಯನ್ನೇ ಕಿತ್ತಳು. ನೆಟ್ ಇಲ್ಲದಿದ್ದರೆ ಅದಕ್ಕೆ ತಿನ್ನಲು ಹೊರಗಿನಿಂದ ಏನೂ ಬರುವುದಿಲ್ಲವಲ್ಲ. ಬ್ರೌಸರ್ ತೆರೆದಳು. ಗಿರಣಿ ಕೂಗಲಿಲ್ಲ. ಕಿಟಕಿ ನಿಂತಿತು, ಬೀಳಲಿಲ್ಲ.

ಅವಳು ಪರದೆಯ ಮೇಲ್ಗಡೆ ನೋಡಿದಳು. ಅಲ್ಲಿ ಎಡಗಡೆಯಿಂದ ಬಲಗಡೆಯವರೆಗೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಗುರುತುಗಳು, ಎಲ್ಲವೂ ಒಂದೇ ಥರ. ಬಾಣ ಹಿಡಿದು ಸರಿಸಿದಷ್ಟೂ ಮತ್ತೆ ಬರುತ್ತಿದ್ದವು.

“ಅಜ್ಜಿ, ಯೇ ಸಬ್ ಪಿನ್ ಯಾರು ಮಾಡಿದ್ದು?”

ಮಾಡಿದ್ದು ನಾನೇ, ಮತ್ತ್ಯಾರು? ಅದರಲ್ಲೇನು ತಪ್ಪೆಂದು ನನಗೆ ತಿಳಿದಿರಲಿಲ್ಲ. ಅವಳೇ ಒಮ್ಮೆ ಹೇಳಿಕೊಟ್ಟಿದ್ದಳು, ಮತ್ತೆ ಮತ್ತೆ ಬೇಕಾಗುವ ಪುಟವನ್ನು ಪಿನ್ ಮಾಡಿಟ್ಟರೆ ಕಳೆದುಹೋಗುವುದಿಲ್ಲ ಎಂದು. ಪ್ರತಿ ಪಿನ್ನೂ ಅವಳ ಒಂದೊಂದು ಪಾಠ. ನೋಡಿದ್ದಷ್ಟನ್ನೂ ನಾನು ಪಿನ್ ಮಾಡಿದ್ದೆ. ಬ್ರೌಸರನ್ನು ಕಿತ್ತು ಹೊಸದು ಹಾಕಿದರೂ ಪಿನ್ನುಗಳು ಬೇರೆ ಕಡೆ ಉಳಿದಿರುತ್ತವಂತೆ. ಅಪ್‌ಡೇಟಿನ ತನಕ ಈ ಯಂತ್ರ ಪೂರ್ತಿ ಆರಿದ್ದೇ ಇಲ್ಲ, ನಾನು ಮುಚ್ಚಳ ಹಾಕುತ್ತಿದ್ದೆನಷ್ಟೆ, ಹಳೆಯ ಪುಟಗಳನ್ನು ಬ್ರೌಸರ್ ತಾನೇ ಒಂದೊಂದಾಗಿ ಮಲಗಿಸಿಡುತ್ತಿತ್ತಂತೆ. ಈಗ ಹೊಸದಾಗಿ ಎದ್ದ ಬ್ರೌಸರ್, ಪಿನ್ ಮಾಡಿದ್ದೆಲ್ಲ ಮುಖ್ಯವಾದದ್ದು ಎಂದು ಎಲ್ಲ ಪಾಠಗಳನ್ನೂ ಒಟ್ಟಿಗೆ ಎಳೆದು ತರಲು ಹೋಗಿ ಸಾಯುತ್ತಿತ್ತು. ಅಪ್‌ಡೇಟಿನದು ಏನೂ ತಪ್ಪಿರಲಿಲ್ಲ.

“ನೋಡಿ ಆದ ಮೇಲೆ ಬಂದ್ ಮಾಡ್ಬೇಕಲ್ಲ ಅಜ್ಜಿ. ಮೇಲೆ ಕ್ರಾಸ್ ಉಂಟಲ್ಲ, ತೋರ್ಸಿದ್ದೆ ನಾ?”

ಹೌದು, ತೋರಿಸಿದ್ದಳು. ಆ ಕ್ರಾಸ್, ನಮ್ಮ ಮಾತಿನಲ್ಲಿ ಕಾಟು, ಎಲ್ಲಿತ್ತೆಂದರೆ ಅವಳ ಹೆಸರಿನ ಒತ್ತಿಗೇ ಇತ್ತು. ಪುಟದ ತಲೆಯ ಮೇಲೆ ಅವಳ ಹೆಸರು, ಹೆಸರಿನ ಬಾಲಕ್ಕೆ ಕಾಟು. ನಮ್ಮ ಮನೆಯಲ್ಲಿ ಬದುಕಿ ಬಾಳುವವರ ಹೆಸರಿಗೆ ಕಾಟು ಹಾಕುವುದಿಲ್ಲ. ಮದುವೆಯ ಕಾಗದದ ಮೇಲೆ ಹೆಸರು ತಪ್ಪಿ ಬರೆದರೆ ಗೀಟು ಎಳೆಯದೆ ಬೇರೆ ಕಾಗದ ತೆಗೆದುಕೊಳ್ಳುತ್ತಿದ್ದರು ನನ್ನ ಅಮ್ಮ. ಪುಸ್ತಕದ ಮೇಲಿನ ಅಣ್ಣನ ಹೆಸರು ಹೊಡೆದು ನನ್ನದು ಬರೆದೆನೆಂದು ಅವರ ಕೈಯಿಂದ ಬೆನ್ನಿಗೆ ತಿಂದಿದ್ದೇನೆ. ಕಾಟು ಬೀಳುವುದು ತೀರಿಹೋದವರ ಹೆಸರಿಗೆ. ಅಂಥದ್ದನ್ನು ಊಟ ಮಾಡಿ ಬಂದ ಕೈಯಲ್ಲಿ, ದಿನಾ ಮಧ್ಯಾಹ್ನ, ಆ ಹುಡುಗಿಯ ಹೆಸರಿನ ಮೇಲೆ ನಾನು ಹೇಗೆ ಒತ್ತಲಿ? ಪಿನ್ ಮಾಡಿದರೆ ಒಂದು ಚಮತ್ಕಾರ ಆಗುತ್ತಿತ್ತು. ಪುಟ ಸಣ್ಣದಾಗಿ ಮೂಲೆ ಸೇರುತ್ತಿತ್ತು, ಕಾಟು ಕಾಣೆಯಾಗುತ್ತಿತ್ತು. ಅದು ಗೊತ್ತಾದ ದಿನದಿಂದ ನಾನು ಬೇರೆ ಏನನ್ನೂ ಮಾಡಲಿಲ್ಲ.

ಇದನ್ನು ಅವಳಿಗೆ ಹೇಳಿದೆ. ಹೇಳುವಾಗ ನನಗೇ ಸ್ವಲ್ಪ ನಾಚಿಕೆಯಾಯಿತು, ಹೊತ್ತು ಬೇರೆ ಮೀರುತ್ತಿತ್ತು. ಎಲ್ಲ ತೆಗೆದುಬಿಡು ಮಾರಾಯ್ತಿ, ದೇವರಿಗೆ ನಾನು ತಪ್ಪುಕಾಣಿಕೆ ಇಡುತ್ತೇನೆ, ನಿನ್ನ ಪಾಠ ಮೊದಲು ಎಂದೆ.

ಅವಳು ಆ ಸಾಸಿವೆಯ ಸಾಲನ್ನೇ ನೋಡುತ್ತಿದ್ದಳು. “ಸಬ್ ಕೆ ಸಬ್ ನೋಡಿದ್ಯಾ?” ಎಂದು ಕೇಳಿದಳು. ಎಲ್ಲವನ್ನೂ ನೋಡಿದ್ದೇನೆ, ಕೆಲವನ್ನು ಎರಡು ಸಲ ಎಂದೆ. ಲಸಾಅ ಎಂಬ ಲೆಕ್ಕ ಮಾತ್ರ ನನ್ನ ತಲೆಗೆ ಹತ್ತಲಿಲ್ಲ ಎಂದೂ ಹೇಳಿದೆ.

ಅವಳು ನಕ್ಕಳು. ಮೊದಲು ಸಣ್ಣಕ್ಕೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ನಮ್ಮವರು ಪಂಖದ ಕೆಳಗಿನಿಂದಲೇ, ಹೀಗಿರುವ ಹೆಂಗಸಿನ ಜೊತೆ ನಾನು ಇಷ್ಟು ವರ್ಷ ಕಳೆದಿದ್ದೇನೆ, ನೀನು ಒಂದು ಬೆಳಿಗ್ಗೆ ಕಳೆಯಲಾರೆಯಾ ಎಂದರು. ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತಳು.

ಒಂದನ್ನೂ ಅವಳು ತೆಗೆಯಲಿಲ್ಲ. ಬ್ರೌಸರಿನ ಹೊಟ್ಟೆಯೊಳಗಿನ ಯಾವುದೋ ಸೆಟ್ಟಿಂಗಿನ ಪುಟಕ್ಕೆ ಹೋದಳು. ಇಲ್ಲಿ ಕೈಯಾಡಿಸುವ ಮುನ್ನ ಹುಷಾರು ಎಂದು ಅದು ಹೆದರಿಸಿತಂತೆ. ಹುಷಾರಾಗಿಯೇ ಇದ್ದೇನೆ ಎಂದು ಒತ್ತಿದಳು. ಪಿನ್ ಮಾಡಿದ ಪುಟಗಳು ಇನ್ನು ಮುಂದೆ ಕರೆಯದೆ ಬರಬಾರದು, ಮುಟ್ಟಿದ ಪುಟ ಮಾತ್ರ ತೆರೆಯಬೇಕು ಎಂದು ಒಂದು ಸಾಲನ್ನು ಬದಲಾಯಿಸಿದಳು. ಬ್ರೌಸರ್ ಮುಚ್ಚಿ, ತಂತಿ ಚುಚ್ಚಿ, ಮತ್ತೆ ತೆರೆದಳು. ಅಷ್ಟೂ ಪಾಠಗಳು ಮೇಲ್ಗಡೆ ಸಾಲಾಗಿ, ಬೈಸಿಕೊಂಡ ಮಕ್ಕಳ ಹಾಗೆ ತೆಪ್ಪಗೆ ಕೂತವು. ನಾನು ನೋಡುತ್ತಿದ್ದ ಗೆರೆ ಅರ್ಧಕ್ಕೂ ಹತ್ತಲಿಲ್ಲ. ಕಿಟಕಿ ಬೀಳಲಿಲ್ಲ.

ಅವಳು ಓಡಿಹೋಗಿ ಮುಖ ತೊಳೆದು ಕುರ್ತಾ ಬದಲಿಸಿ ಬರುವಷ್ಟಕ್ಕೆ ಸಮಯವಾಗಿತ್ತು. ನಾನು ಅಡಿಗೆ ಮನೆಯ ಬಾಗಿಲಲ್ಲಿ, ಪರದೆಗೆ ಕಾಣದ ಹಾಗೆ ಸ್ಟೂಲು ಹಾಕಿಕೊಂಡು ಕೂತೆ. ನಮ್ಮವರು ಪಂಖದ ಸದ್ದು ಬೇಡವೆಂದು ಆರಿಸಿ, ಬನಿಯನ್ನಿನಲ್ಲಿ ಬೆವರುತ್ತ, ಬಾಗಿಲ ಬೆಲ್ ಯಾರೂ ಒತ್ತದಂತೆ ಹೊರಗೆ ಮೆಟ್ಟಿಲ ಹತ್ತಿರ ನಿಂತರು.

ಪರದೆಯ ಮೇಲೆ ಮೂವರು ಬಂದರು. ನಡುವಿನವರು ಹೆಡ್‌ಮಿಸ್ಟ್ರೆಸ್, ದಪ್ಪ ಕನ್ನಡಕ, ನಗದ ಮುಖ. ಮೊಮ್ಮಗಳು ಪರದೆಯ ಮೇಲೆ ಒಂದು ಚಪಾತಿ ಬರೆದು ಭಿನ್ನರಾಶಿ ಶುರು ಮಾಡಿದಳು. ಎರಡು ಮಾತು ಆಡಿದ್ದಳೋ ಇಲ್ಲವೋ, ಹೆಡ್‌ಮಿಸ್ಟ್ರೆಸ್ ಕೈ ಎತ್ತಿದರು. ನೀವು ನಮಗೆ ಪಾಠ ಮಾಡುತ್ತಿದ್ದೀರಿ, ನಮಗೆ ಇದೆಲ್ಲ ಗೊತ್ತು, ಗೊತ್ತಿಲ್ಲದವರು ಯಾರಾದರೂ ಮನೆಯಲ್ಲಿದ್ದಾರಾ ಎಂದು ಹಿಂದಿಯಲ್ಲಿ ಕೇಳಿದರು.

ಮೊಮ್ಮಗಳು ತಿರುಗಿ ನನ್ನತ್ತ ನೋಡಿದಳು. ನಾನು ಕೈಯಲ್ಲಿ ಬೇಡ ಬೇಡ ಎಂದೆ. ಅವಳು ಬಾ ಎಂದು ಕಣ್ಣಲ್ಲೇ ಕರೆದಳು. ಸೆರಗು ಸರಿ ಮಾಡಿಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಪರದೆಯ ಮೂಲೆಯಲ್ಲಿ ನನ್ನದೇ ಮುಖ ಕಂಡು ಇನ್ನಷ್ಟು ಗಾಬರಿಯಾಯಿತು. ಅವಳು ಕೇಳಿದಳು, ಚಪಾತಿಯ ಎರಡರಲ್ಲಿ ಒಂದು ಪಾಲು ದೊಡ್ಡದೋ, ಮೂರರಲ್ಲಿ ಒಂದು ಪಾಲು ದೊಡ್ಡದೋ?

ಈ ಪಾಠವನ್ನು ಎರಡು ಸಲ ನೋಡಿದವಳು ನಾನು. ಆದರೆ ಆ ದಪ್ಪ ಕನ್ನಡಕದ ಎದುರು ಎಲ್ಲ ಹಾರಿಹೋಯಿತು. ಎರಡಕ್ಕಿಂತ ಮೂರು ದೊಡ್ಡದಲ್ಲವೇ? ಮೂರರಲ್ಲಿ ಒಂದು ದೊಡ್ಡದು ಎಂದುಬಿಟ್ಟೆ. ಹೇಳಿದ ಕೂಡಲೇ ತಪ್ಪಿದ್ದೇನೆ ಎಂದು ಗೊತ್ತಾಯಿತು, ಎಲ್ಲಿ ತಪ್ಪಿದೆನೆಂದು ಗೊತ್ತಾಗಲಿಲ್ಲ. ಅವಳ ಕೆಲಸ ನನ್ನ ಬಾಯಿಂದ ಹೋಯಿತು ಎಂದು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡೆ.

ಅವಳು ತಪ್ಪು ಎನ್ನಲಿಲ್ಲ. ಸರಿ ಎಂದೂ ಹೇಳಲಿಲ್ಲ. ಅವಸರವೇ ಇಲ್ಲದವಳ ಹಾಗೆ ಚಪಾತಿಯನ್ನು ಅಳಿಸಿ, ಎರಡು ಹೋಳಿಗೆ ಬರೆದಳು. ಇದು ನಮ್ಮ ಹಬ್ಬದ ಊಟ ಎಂದು ಆ ಮೂವರಿಗೆ ಹೇಳಿ ನನ್ನ ಕಡೆ ತಿರುಗಿದಳು.

“ಅಜ್ಜಿ, ಈ ಪಂಕ್ತಿಯಲ್ಲಿ ಒಂದು ಹೋಳಿಗೆ ಉಂಟು, ಇಬ್ಬರು ಕೂತಿದ್ದಾರೆ. ಆ ಪಂಕ್ತಿಯಲ್ಲಿಯೂ ಒಂದೇ ಹೋಳಿಗೆ, ಮೂರು ಜನ. ನಿಂಗೆ ತುಂಬ ಹಸಿವು. ನೀನು ಯಾವ ಕಡೆ ಕೂರ್ತಿ?”

ಅವಳ ಬಾಯಿಂದ ಅಷ್ಟುದ್ದದ ಕನ್ನಡ, ಒಂದು ತಡೆಯಿಲ್ಲದೆ! ನಾನು ಉತ್ತರ ಕೊಡುವುದನ್ನೂ ಮರೆತೆ. ಆಮೇಲೆ ಹೇಳಿದೆ, ಹಸಿದವಳು ಇಬ್ಬರ ಕಡೆ ಕೂರುತ್ತೇನೆ, ಜನ ಹೆಚ್ಚಾದರೆ ಪಾಲು ಸಣ್ಣದಾಗುತ್ತದಲ್ಲ. ಹೇಳುತ್ತಿರುವಾಗಲೇ ಚಪಾತಿಯದೂ ಹೊಳೆಯಿತು. ಅಯ್ಯೋ, ಎರಡರದ್ದೇ ದೊಡ್ಡದು, ಕೆಳಗಿನ ಅಂಕಿ ಬೆಳೆದರೆ ತುಂಡು ಸಣ್ಣದು ಎಂದು ಹಿಂದಿಯಲ್ಲಿ ಆ ಮೂವರಿಗೂ ನಾನೇ ವಿವರಿಸಿದೆ. ನಾಲ್ಕು ಜನರ ಪಂಕ್ತಿಗೆ ನಾನು ಹೋಗುವುದೇ ಇಲ್ಲ ಎಂದೂ ಸೇರಿಸಿದೆ. ನಗದ ಮುಖದ ಹೆಡ್‌ಮಿಸ್ಟ್ರೆಸ್ ಕನ್ನಡಕ ತೆಗೆದು ನಕ್ಕರು. ಕನ್ನಡದಲ್ಲಿ ಏನು ಕೇಳಿದಿರಿ ಎಂದು ಮೊಮ್ಮಗಳನ್ನು ವಿಚಾರಿಸಿದರು. ಅವಳು ಹೇಳಿದಳು. ಅವರು ಏನೋ ಬರೆದುಕೊಂಡರು. ಥ್ಯಾಂಕ್ ಯೂ, ಸಂಜೆಯೊಳಗೆ ತಿಳಿಸುತ್ತೇವೆ ಎಂದರು.

ಕಿಟಕಿ ಅವರು ಹೋಗುವವರೆಗೂ ನೆಟ್ಟಗೆ ನಿಂತಿತ್ತು.

ಆ ಮಧ್ಯಾಹ್ನ ಯಾರೂ ಮಲಗಲಿಲ್ಲ. ಹೇಳುತ್ತೇವೆ ಎಂದವರು ಹಿಂದೆ ಎರಡು ಸಲ ಹೇಳಿರಲಿಲ್ಲವಲ್ಲ. ನನ್ನ ತಪ್ಪು ಉತ್ತರವನ್ನು ನಾನು ಹತ್ತು ಸಲ ಎತ್ತಿಕೊಂಡು ಅತ್ತರೆ, ನೀನು ಸರಿ ಹೇಳಿದ್ದಿದ್ದರೆ ಅವಳಿಗೆ ಕಲಿಸಲು ಏನಿತ್ತು ಎಂದು ನಮ್ಮವರು ಹತ್ತು ಸಲವೂ ಸಮಾಧಾನ ಮಾಡಿದರು. ಮದುವೆಯಾದಂದಿನಿಂದ ನನ್ನ ಪರವಾಗಿ ಅವರು ಅಷ್ಟು ಮಾತಾಡಿದ ದಿನ ಇನ್ನೊಂದಿಲ್ಲ. ಮೊಮ್ಮಗಳು ಒಗೆದ ಬಟ್ಟೆ ಮಡಚಿದಳು, ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದಳು.

ನಾನು ಸಾರಿಗೆ ಒಗ್ಗರಣೆ ಹಾಕುವಾಗ ಅವಳ ಫೋನು ಹೊಡೆದುಕೊಂಡಿತು. ಗ್ಯಾಸ್ ಆರಿಸಿದೆ. ಬಾಲ್ಕನಿಯಿಂದ ಅವಳ ದನಿ ಬರುತ್ತಿತ್ತು, ಯೆಸ್ ಮ್ಯಾಡಮ್, ಯೆಸ್ ಮ್ಯಾಡಮ್ ಎಂದಷ್ಟೇ. ಆಯಿತೋ ಹೋಯಿತೋ ಅದರಿಂದ ಏನೂ ತಿಳಿಯಲಿಲ್ಲ. ನಮ್ಮವರು ನನ್ನ ಮುಖ ನೋಡಿದರು, ನಾನು ಅವರ ಮುಖ.

ಅವಳು ಒಳಗೆ ಬಂದು ಫ್ರಿಜ್ಜಿಗೆ ಒರಗಿ ನಿಂತಳು.

“ಜೂನ್‌ನಿಂದ, ಅಜ್ಜಿ. ಐದನೇ ಕ್ಲಾಸು. ಲೆಕ್ಕ.”

ಇಷ್ಟು ಹೇಳಿ ನನ್ನ ಹೆಗಲಿಗೆ ಮುಖ ಇಟ್ಟಳು. ನಾನು ಅವಳ ಬೆನ್ನು ಸವರುತ್ತ ನಿಂತೆ. ನಮ್ಮವರು ಬನಿಯನ್ನಿನ ಮೇಲೆ ಶರ್ಟೂ ಹಾಕದೆ ಕೆಳಗೆ ಇಳಿದು ಹೋಗಿ ವಾಚ್‌ಮನ್ನಿಗೆ, ಇಸ್ತ್ರಿಯವನಿಗೆ, ಲಿಫ್ಟಿಗೆ ಕಾಯುತ್ತ ನಿಂತಿದ್ದ ಯಾರೋ ಗುರುತಿಲ್ಲದವರಿಗೆ, ನಮ್ಮ ಹುಡುಗಿ ಟೀಚರ್ ಆದಳು ಎಂದು ಹೇಳಿ ಬಂದರು.

ರಾತ್ರಿ ಊಟಕ್ಕೆ ಮಗ ಸೊಸೆಯೂ ಕೂತರು. ಆ ಸಾರಿಗೆ ನಾನು ಎರಡು ಸಲ ಉಪ್ಪು ಹಾಕಿದ್ದೆ. ಬಾಯಿಗಿಟ್ಟ ಕೂಡಲೇ ನನಗೆ ಗೊತ್ತಾಯಿತು. ಉಪ್ಪು ಒಂದು ಕಾಳು ಹೆಚ್ಚಾದರೂ ತಟ್ಟೆ ಸರಿಸುವ ನಮ್ಮವರು 'ಇನ್ನೊಂದು ಸೌಟು ಹಾಕು' ಎಂದರು.